ಓದುಗರ ಪ್ರಶ್ನೆಗಳು: ಪೆಂಗ್ವಿನ್‌ಗಳ ಊರಿಗೆ ಹೋಗುವ ಮುಂಚೆ

ಹಿಂದಿನ ಸಂಚಿಕೆಯಲ್ಲಿ ದಕ್ಷಿಣ ಆಫ್ರಿಕಾದ ಸೈಮನ್ಸ್ ಟೌನ್ ಎಂಬ ಪುಟ್ಟ ಕಡಲೂರಿನ ಫೋಟೋ ಒಂದು ಅಚ್ಚಾಗಿತ್ತು. ಯಾರದೋ ಮನೆಯ ಗೇಟಿನ ಮುಂದೆ ಎರಡು ಪೆಂಗ್ವಿನ್‌ಗಳು ನಿಂತಿದ್ದ ಚಿತ್ರ. ಅದನ್ನು ನೋಡಿ ತುಂಬಾ ಪತ್ರಗಳು ಬಂದವು. ಈ ಸಲದ ಅಂಕಣವನ್ನು ಪೂರ್ತಿ ಅವಕ್ಕೇ ಕೊಡೋಣ ಎಂದು ಸಂಪಾದಕರನ್ನು ಕೇಳಿಕೊಂಡೆ, ಒಪ್ಪಿದರು. ಹೊಸ ಓದುಗರಿಗೆ ನನ್ನ ಪರಿಚಯ: ನಾನು ಕುಂದಾಪುರದವಳು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ಈಗ ಮಗಳ ಜೊತೆ ಕೇಪ್ ಟೌನ್ ಹತ್ತಿರದ ಫಿಶ್ ಹುಕ್‌ನಲ್ಲಿ ಇದ್ದೇನೆ. ಸೈಮನ್ಸ್ ಟೌನ್ ನಮಗೆ ಪಕ್ಕದ ಊರು. ಈ ಹಕ್ಕಿಗಳ ಬಗ್ಗೆ ನನಗೆ ತುಂಬಾ ಪ್ರೀತಿ ಇದೆ. ಅಷ್ಟೇ ಚಿಂತೆಯೂ ಇದೆ.

ಪ್ರಶ್ನೆ: ಬರುವ ಏಪ್ರಿಲ್ ರಜೆಯಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಕೇಪ್ ಟೌನ್‌ಗೆ ಹೋಗುತ್ತಿದ್ದೇವೆ. ಪೆಂಗ್ವಿನ್ ನೋಡಲು ಅದು ಸರಿಯಾದ ಸಮಯವೇ? ಅಲ್ಲಿಗೆ ಹೋಗುವುದು ಹೇಗೆ? ಎಷ್ಟು ಹೊತ್ತು ಬೇಕು?
(ದಾವಣಗೆರೆಯ ಒಬ್ಬ ತಾಯಿ)

ಒಳ್ಳೆಯ ಸಮಯ ಆರಿಸಿಕೊಂಡಿದ್ದೀರಿ. ಇಲ್ಲಿ ಏಪ್ರಿಲ್ ಅಂದರೆ ಬೇಸಿಗೆ ಮುಗಿದು ಚಳಿಗಾಲ ಇನ್ನೂ ಶುರುವಾಗದ ಹೊತ್ತು. ಡಿಸೆಂಬರ್, ಜನವರಿಯಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಮರಳನ್ನು ಕಣ್ಣಿಗೆ ಎರಚುತ್ತದೆ, ಜನವೂ ಕಿಕ್ಕಿರಿದಿರುತ್ತಾರೆ. ಜೂನ್‌ನಿಂದ ಆಗಸ್ಟ್ ತನಕ ಮಳೆ ಮತ್ತು ಚಳಿ. ಏಪ್ರಿಲ್‌ನಲ್ಲಿ ಈ ಎರಡೂ ಕಾಟ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಅದು ಮೊಟ್ಟೆ ಇಡುವ ಕಾಲ. ಪೊದೆಯ ಕೆಳಗೆ ಕಾವು ಕೂತ ತಂದೆಯನ್ನೋ ತಾಯಿಯನ್ನೋ ನಿಮ್ಮ ಮಕ್ಕಳು ನೋಡಬಹುದು. ಅದೃಷ್ಟ ಇದ್ದರೆ ಕಂದು ಬಣ್ಣದ ತುಪ್ಪಳ ಹೊದ್ದ ಮರಿಯೂ ಕಾಣುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು 40 ದಿನ ಕಾವು. ಗಂಡು, ಹೆಣ್ಣು ಸರದಿಯ ಮೇಲೆ ಕೂರುತ್ತವೆ. ಒಂದು ಕಡಲಿಗೆ ಹೋದರೆ ಇನ್ನೊಂದು ಗೂಡು ಬಿಟ್ಟು ಕದಲುವುದಿಲ್ಲ.

ಸೈಮನ್ಸ್ ಟೌನ್ ಇರುವುದು ಕೇಪ್ ಟೌನ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಫಾಲ್ಸ್ ಬೇ ಎಂಬ ದೊಡ್ಡ ಕೊಲ್ಲಿಯ ಅಂಚಿನಲ್ಲಿ. ಇಲ್ಲೂ ನಮ್ಮಲ್ಲಿಯಂತೆ ಎಡಗಡೆಯಲ್ಲೇ ಗಾಡಿ ಓಡಿಸುತ್ತಾರೆ, ಹಾಗಾಗಿ ಬಾಡಿಗೆ ಕಾರು ತೆಗೆದುಕೊಂಡರೆ ಕಷ್ಟವಿಲ್ಲ. ಆದರೆ ಮಕ್ಕಳಿದ್ದಾರೆ ಅಂದಿರಲ್ಲ, ಹಗಲು ಹೊತ್ತಿನಲ್ಲಿ ಒಂದು ಸಲವಾದರೂ ರೈಲು ಹತ್ತಿ. ಊರ ನಡುವಿನಿಂದ ಹೊರಟು ನ್ಯೂಲ್ಯಾಂಡ್ಸ್ ಕಡೆಯಿಂದ ಬರುತ್ತದೆ. ಹೌದು, ಅದೇ ಕ್ರಿಕೆಟ್ ಮೈದಾನದ ನ್ಯೂಲ್ಯಾಂಡ್ಸ್. ಮ್ಯೂಜಿನ್‌ಬರ್ಗ್ ದಾಟಿದ ಮೇಲೆ ಹಳಿ ಪೂರ್ತಿ ಕಡಲಿನ ಪಕ್ಕದಲ್ಲೇ. ಸೇಂಟ್ ಜೇಮ್ಸ್, ಕಾಕ್ ಬೇ, ಫಿಶ್ ಹುಕ್, ಗ್ಲೆನ್‌ಕೇರ್ನ್, ಆಮೇಲೆ ಸೈಮನ್ಸ್ ಟೌನ್ ಕೊನೆಯ ನಿಲ್ದಾಣ. ಕೆಲವು ದಿನ ರೈಲು ಕೊನೆಯ ತನಕ ಹೋಗುವುದಿಲ್ಲ. ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಖಾಲಿ ಬೋಗಿಯಲ್ಲಿ ಕೂರಬೇಡಿ, ಒಡವೆ, ಕ್ಯಾಮೆರಾ ಎದ್ದು ಕಾಣುವಂತೆ ಇಟ್ಟುಕೊಳ್ಳಬೇಡಿ.

ನಿಲ್ದಾಣದಿಂದ ಪೆಂಗ್ವಿನ್‌ಗಳ ಜಾಗಕ್ಕೆ ಊರ ಮುಖ್ಯ ರಸ್ತೆಯಲ್ಲೇ ನಡೆದು ಹೋಗಬಹುದು. ಅದು ಟೇಬಲ್ ಮೌಂಟನ್ ನ್ಯಾಷನಲ್ ಪಾರ್ಕಿಗೆ ಸೇರಿದ್ದು, ಟಿಕೆಟ್ ಇದೆ, ವಿದೇಶಿಯರಿಗೆ ದರ ಜಾಸ್ತಿ. ಒಂದೇ ಟಿಕೆಟ್ಟಿನಲ್ಲಿ ಎರಡು ಜಾಗ. ಫಾಕ್ಸಿ ಬೀಚ್‌ನಲ್ಲಿ ಮರದ ಹಲಗೆ ಹಾಸಿದ ಕಾಲುದಾರಿ ಇದೆ, ಹೆಚ್ಚು ಹಕ್ಕಿ ಕಾಣುವುದು ಅಲ್ಲಿ. ಸ್ವಲ್ಪ ಆಚೆ ಬೋಲ್ಡರ್ಸ್ ಬೀಚ್, ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳ ನಡುವಿನ ಮರಳು. ಅಲ್ಲಿ ಮಕ್ಕಳು ನೀರಿಗೆ ಇಳಿಯಬಹುದು. ಆದರೆ ಮಲ್ಪೆಯ ನೀರಿನ ಲೆಕ್ಕ ಇಟ್ಟುಕೊಂಡು ಬರಬೇಡಿ, ಮೊದಲ ಹೆಜ್ಜೆಗೇ ಕಾಲು ಮರಗಟ್ಟುತ್ತದೆ.

ಎಷ್ಟು ಹೊತ್ತು ಅಂದಿರಿ. ಪ್ರವಾಸದ ಬಸ್ಸುಗಳು ಬಂದು, ಫೋಟೋ ತೆಗೆಸಿ, ಬೇಗನೆ ಹೊರಟುಬಿಡುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಗೇಟು ತೆರೆಯುವ ಹೊತ್ತಿಗೆ ಬನ್ನಿ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಬನ್ನಿ. ಸಂಜೆ ಬಂದರೆ ಮೀನು ಹಿಡಿಯಲು ಹೋದವು ಗುಂಪಾಗಿ ದಡ ಹತ್ತುವುದು ಕಾಣುತ್ತದೆ. ಕಾಲುದಾರಿಯ ಒಂದು ಮೂಲೆಯಲ್ಲಿ ಸುಮ್ನೆ ನಿಂತು, ಒಂದೇ ಜೋಡಿಯನ್ನು ಒಂದು ಗಂಟೆ ನೋಡಿ. ಮರಳಿ ಬಂದ ಸಂಗಾತಿಗೆ ಗೂಡಿನಲ್ಲಿದ್ದದ್ದು ಕತ್ತು ಮೇಲೆತ್ತಿ, ಎದೆ ಉಬ್ಬಿಸಿ ಕೂಗುತ್ತದೆ. ಥೇಟ್ ಕತ್ತೆಯ ದನಿ. ಇದನ್ನು ಕತ್ತೆ ಪೆಂಗ್ವಿನ್ ಎಂದು ಕರೆಯುತ್ತಿದ್ದದ್ದೇ ಅದಕ್ಕೆ. ಒಂದು ಕೂಗಿದರೆ ಪಕ್ಕದ ಗೂಡಿನವೂ ಕೂಗುತ್ತವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನ್ನ ಕ್ಲಾಸಿನಲ್ಲಿ ನಾನು ಯಾವತ್ತೂ ಕೊಟ್ಟಿಲ್ಲ.

ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಸುವ ಮೊದಲೇ ನೋಡಿಕೊಳ್ಳಿ. ಮಕ್ಕಳ ಜನನ ಪ್ರಮಾಣಪತ್ರ ಕೈಚೀಲದಲ್ಲಿ ಇರಲಿ.

ಪ್ರಶ್ನೆ: ಪೆಂಗ್ವಿನ್ ಐಸ್ ಇರುವ ಜಾಗದಲ್ಲಿ ಮಾತ್ರ ಇರುತ್ತದೆ ಅಲ್ವಾ ಆಂಟಿ? ಆಫ್ರಿಕಾದ ಬಿಸಿಲಿನಲ್ಲಿ ಅದಕ್ಕೆ ಸೆಕೆ ಆಗಲ್ವಾ?
(ಹುಬ್ಬಳ್ಳಿಯ ಏಳನೇ ತರಗತಿ ವಿದ್ಯಾರ್ಥಿನಿ)

ತುಂಬಾ ಒಳ್ಳೆಯ ಪ್ರಶ್ನೆ ಪುಟ್ಟಾ. ಪೆಂಗ್ವಿನ್‌ಗಳಲ್ಲಿ ಬೇರೆ ಬೇರೆ ಜಾತಿ ಇವೆ. ಐಸ್ ಮೇಲೆ ಇರುವುದು ಕೆಲವು ಮಾತ್ರ. ಇಲ್ಲಿಯದು ಆಫ್ರಿಕನ್ ಪೆಂಗ್ವಿನ್. ಆಫ್ರಿಕಾ ಖಂಡದಲ್ಲಿ ಮರಿ ಮಾಡುವ ಪೆಂಗ್ವಿನ್ ಇದೊಂದೇ. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದು ಗೂಡು ಕಟ್ಟುವುದಿಲ್ಲ. ಎತ್ತರ 60ರಿಂದ 70 ಸೆಂಟಿಮೀಟರ್, ನಿನ್ನ ಸೊಂಟದ ತನಕವೂ ಬರಲಿಕ್ಕಿಲ್ಲ. ತೂಕ 3 ಕೆ.ಜಿ. ಆಸುಪಾಸು.

ಇದಕ್ಕೆ ಬೇಕಾದದ್ದು ಐಸ್ ಅಲ್ಲ, ತಣ್ಣನೆಯ ಕಡಲು ಮತ್ತು ಆ ಕಡಲಿನ ಮೀನು. ಇಲ್ಲಿಯ ಪಶ್ಚಿಮ ಕರಾವಳಿಯಲ್ಲಿ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರಿಂದಲೇ ಇಲ್ಲಿ ಅಷ್ಟು ಮೀನು.

ಸೆಕೆ ಆಗುತ್ತದೆಯಾ ಅಂದೆಯಲ್ಲ, ಖಂಡಿತ ಆಗುತ್ತದೆ. ಫೋಟೋದಲ್ಲಿ ಅದರ ಕಣ್ಣಿನ ಮೇಲೆ ಗುಲಾಬಿ ಬಣ್ಣದ ಚರ್ಮ ಇದೆ, ನೋಡು. ಅಲ್ಲಿ ಗರಿ ಇಲ್ಲ. ಮೈ ಕಾದಾಗ ರಕ್ತ ಅಲ್ಲಿಗೆ ಜಾಸ್ತಿ ಹರಿದು, ಗಾಳಿಗೆ ತಣ್ಣಗಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಆ ಗುಲಾಬಿ ಗಾಢವಾಗುತ್ತದೆ. ಎದೆಯ ಮೇಲಿನ ಕಪ್ಪು ಚುಕ್ಕೆಗಳನ್ನೂ ಗಮನಿಸು. ಒಂದರ ಚುಕ್ಕೆ ಇನ್ನೊಂದಕ್ಕೆ ಇರುವುದಿಲ್ಲ.

ಮುಂಬಯಿಗೆ ಹೋದರೆ ಬೈಕುಲ್ಲಾ ಮೃಗಾಲಯದಲ್ಲಿ ಪೆಂಗ್ವಿನ್ ನೋಡಬಹುದು. ಅವು ಹಂಬೋಲ್ಟ್ ಜಾತಿಯವು, 2016ರಲ್ಲಿ ತಂದದ್ದು. ಇಲ್ಲಿಯವಕ್ಕೆ ಹತ್ತಿರದ ಸಂಬಂಧಿ, ಆದರೆ ಮೂಲ ಪೆರು ಮತ್ತು ಚಿಲಿ ದೇಶಗಳ ಕಡಲತೀರ. ಅಲ್ಲಿ ಅವನ್ನು ತಂಪು ಮಾಡಿದ ಕೋಣೆಯಲ್ಲಿ ಇಟ್ಟಿದ್ದಾರೆ.

ಪ್ರಶ್ನೆ: ನಾವು ತಲೆತಲಾಂತರದಿಂದ ಮೀನುಗಾರರು. ಪೆಂಗ್ವಿನ್ ಉಳಿಸಲಿಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಮೀನುಗಾರಿಕೆ ನಿಲ್ಲಿಸುತ್ತಿದ್ದಾರೆ ಎಂದು ಓದಿದೆ. ಬಡವನ ಹೊಟ್ಟೆಗಿಂತ ಹಕ್ಕಿಯ ಹೊಟ್ಟೆ ದೊಡ್ಡದಾಯಿತೇ, ಮೇಡಂ?
(ಮಲ್ಪೆಯ ಓದುಗರು)

ನಿಮ್ಮ ಪತ್ರ ಓದಿ ಬಹಳ ಹೊತ್ತು ಯೋಚಿಸಿದೆ. ನಾನೂ ಕರಾವಳಿಯವಳು, ಈ ಪ್ರಶ್ನೆಯ ಹಿಂದಿನ ಸಂಕಟ ನನಗೆ ಗೊತ್ತು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು, ಹಕ್ಕಿಗಳ ಸ್ಥಿತಿ. ಇಡೀ ಲೋಕದಲ್ಲಿ ಈಗ ಈ ಪೆಂಗ್ವಿನ್‌ನ 10,000 ಜೋಡಿಯೂ ಇಲ್ಲ. ನೂರು ವರ್ಷದ ಹಿಂದೆ ಡಾಸನ್ ಎಂಬ ಒಂದೇ ದ್ವೀಪದಲ್ಲಿ ಲಕ್ಷಗಟ್ಟಲೆ ಇದ್ದವು. 2024ರ ಅಕ್ಟೋಬರ್‌ನಲ್ಲಿ ಇದನ್ನು ಅಳಿವಿನ ಅಂಚಿಗೆ ತೀರಾ ಹತ್ತಿರ ಬಂದ ಜೀವಿಗಳ ಪಟ್ಟಿಗೆ ಸೇರಿಸಿದರು. ಕಾರಣ ಒಂದೇ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ದ್ವೀಪಗಳ ಮೇಲೆ ದಪ್ಪಗೆ ಕೂತಿದ್ದ ಹಕ್ಕಿ ಹಿಕ್ಕೆಯನ್ನು ಗೊಬ್ಬರಕ್ಕೆಂದು ಕೆರೆದು ಹಡಗಿಗೆ ತುಂಬಿದರು. ಆ ಹಿಕ್ಕೆಯಲ್ಲೇ ಇವು ಬಿಲ ತೋಡಿ ಮೊಟ್ಟೆ ಇಡುತ್ತಿದ್ದವು. ಅದು ಹೋದ ಮೇಲೆ ಬಿಸಿಲಿಗೆ ಮರೆಯೇ ಇಲ್ಲ. ಮೊಟ್ಟೆಗಳನ್ನೂ ಲಕ್ಷಗಟ್ಟಲೆ ಆರಿಸಿ ಮಾರಿದರು, 1960ರ ದಶಕದ ತನಕ. ಆಮೇಲೆ ಹಡಗುಗಳ ಎಣ್ಣೆ. 2000ದ ಜೂನ್‌ನಲ್ಲಿ ಟ್ರೆಷರ್ ಎಂಬ ಹಡಗು ರಾಬೆನ್ ಮತ್ತು ಡಾಸನ್ ದ್ವೀಪಗಳ ನಡುವೆ ಮುಳುಗಿತು. ಸುಮಾರು 19,000 ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿತು. ಸಾವಿರಾರು ಜನ ಸ್ವಯಂಸೇವಕರು ಒಂದೊಂದನ್ನೇ ತೊಳೆದರು. ಬದುಕಿ ಕಡಲಿಗೆ ಮರಳಿದವೇ ಹೆಚ್ಚು. ಇನ್ನೂ ಎಣ್ಣೆ ಮೆತ್ತದ ಸುಮಾರು 19,500 ಹಕ್ಕಿಗಳನ್ನು ಲಾರಿಯಲ್ಲಿ ಪೋರ್ಟ್ ಎಲಿಜಬೆತ್ ಹತ್ತಿರ ಒಯ್ದು ಕಡಲಿಗೆ ಬಿಟ್ಟರು. ಅವು ನೂರಾರು ಕಿ.ಮೀ. ಈಜಿ ಮನೆಗೆ ವಾಪಸ್ ಬರುವಷ್ಟರಲ್ಲಿ ಇಲ್ಲಿ ನೀರನ್ನು ಶುಚಿ ಮಾಡಿ ಮುಗಿಸಿದರು. ಈ ಕೆಲಸದ ಮುಂದಾಳತ್ವ ವಹಿಸಿದ್ದರಲ್ಲಿ ಸ್ಯಾನ್‌ಕಾಬ್ ಎಂಬ ಸಂಸ್ಥೆ ಮುಖ್ಯ. 1968ರಿಂದ ಅದು ಕಡಲ ಹಕ್ಕಿಗಳಿಗೆ ಆಸ್ಪತ್ರೆಯಾಗಿದೆ. ಮನುಷ್ಯ ಕೆಡಿಸಿದ್ದನ್ನು ಮನುಷ್ಯನೇ ಸರಿಮಾಡಲು ಇಷ್ಟು ಕಷ್ಟಪಟ್ಟದ್ದು ನನಗೆ ಇವತ್ತಿಗೂ ಧೈರ್ಯ ಕೊಡುವ ಸಂಗತಿ.

ಈಗಿನ ದೊಡ್ಡ ಕಷ್ಟ ಹಸಿವು. ಇವು ತಿನ್ನುವುದು ಸಾರ್ಡೀನ್ ಮತ್ತು ಆಂಚೊವಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೂತಾಯಿ, ಕೊಲ್ಲತರು ಬಳಗದ ಮೀನುಗಳು. ಕಡಲಿನ ಬಿಸಿ, ಉಪ್ಪು ಬದಲಾಗಿ ಈ ಮೀನುಗಳು ಮೊಟ್ಟೆ ಇಡುವ ಜಾಗ ಪೂರ್ವಕ್ಕೆ ಸರಿದಿದೆ. ಹಕ್ಕಿಗಳ ಹಲವು ದ್ವೀಪಗಳು ಪಶ್ಚಿಮದಲ್ಲೇ ಇವೆ. ಉಳಿದ ಮೀನನ್ನೂ ಪರ್ಸೀನ್ ಬೋಟುಗಳು, ಅಂದರೆ ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಬೋಟುಗಳು, ಬಾಚುತ್ತವೆ. ಆಂಚೊವಿಯಲ್ಲಿ ಬಹುಪಾಲು ಯಾರ ತಟ್ಟೆಗೂ ಬರುವುದಿಲ್ಲ, ಮೀನನ್ನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಇದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯೂ ಆಗುತ್ತಿರುವುದು ಅದೇ.

ಮರಿ ಇರುವ ಪೆಂಗ್ವಿನ್ ತುಂಬಾ ದೂರ ಹೋಗಲಾರದು. ಗೂಡಿನ ಸುತ್ತಲಿನ ಹತ್ತಾರು ಕಿ.ಮೀ. ಒಳಗೇ ಮೀನು ಸಿಗಬೇಕು. ಸಿಗದಿದ್ದರೆ ಮರಿ ಸಾಯುತ್ತದೆ, ಎಷ್ಟೋ ಸಲ ತಂದೆ ತಾಯಿ ಗೂಡನ್ನೇ ಬಿಡುತ್ತವೆ. ಅದಕ್ಕಾಗಿ ಬರ್ಡ್‌ಲೈಫ್ ಸೌತ್ ಆಫ್ರಿಕಾ ಮತ್ತು ಸ್ಯಾನ್‌ಕಾಬ್ ಸಂಸ್ಥೆಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ಮೀನುಗಾರಿಕಾ ಕಂಪನಿಗಳ ಜೊತೆಯೇ ಒಪ್ಪಂದವಾಗಿ, ಅದನ್ನು ಕೋರ್ಟಿನ ಆದೇಶವಾಗಿ ಮಾಡಿದರು. ಆರು ಮುಖ್ಯ ನೆಲೆಗಳ ಸುತ್ತಲಿನ ಗೊತ್ತಾದ ನೀರಿನಲ್ಲಿ ಸಾರ್ಡೀನ್, ಆಂಚೊವಿಗೆ ಪರ್ಸೀನ್ ಬಲೆ ಹಾಕುವಂತಿಲ್ಲ. ನೀವು ಓದಿದ ಸುದ್ದಿ ಇದೇ ಇರಬೇಕು. ಎಲ್ಲ ಮೀನುಗಾರಿಕೆಯನ್ನೂ ನಿಲ್ಲಿಸಿಲ್ಲ. ಕೈಗಾಳ ಹಾಕುವವನಿಗೆ ಇದು ತಟ್ಟುವುದಿಲ್ಲ.

ಸೈಮನ್ಸ್ ಟೌನ್‌ನ ಕಥೆಯೇ ಇದಕ್ಕೆ ಸಾಕ್ಷಿ. 1980ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು ಗೂಡು ಕಟ್ಟಿದ್ದು ಎರಡೇ ಜೋಡಿ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಫಾಲ್ಸ್ ಬೇಯಲ್ಲಿ ಪರ್ಸೀನ್ ನಿಂತಿತು. ಕೊಲ್ಲಿಯಲ್ಲಿ ಸಣ್ಣ ಮೀನು ಹೆಚ್ಚಿತು, ಎರಡು ಜೋಡಿ ಇದ್ದದ್ದು ಸಾವಿರಾರು ಹಕ್ಕಿಗಳಾದವು. ಬೇರೆ ದ್ವೀಪಗಳಿಂದಲೂ ಬಂದು ಸೇರಿಕೊಂಡವು.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ನಮ್ಮ ಫಿಶ್ ಹುಕ್ ದಡದಲ್ಲಿ ಈಗಲೂ ಕೈಯಿಂದ ಬಲೆ ಎಳೆಯುವ ಕುಟುಂಬಗಳಿವೆ. ಒಂದು ದೋಣಿ ಬಲೆ ಬಿಟ್ಟುಕೊಂಡು ಅರ್ಧ ಸುತ್ತು ಬರುತ್ತದೆ, ದಡದಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಅದು ನಮ್ಮ ಕೈರಂಪಣಿಯೇ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಂದು ನಮ್ಮ ರಂಪಣಿಯನ್ನು ಹೇಗೆ ಮೂಲೆಗೆ ತಳ್ಳಿತು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಬಡವನ ಹೊಟ್ಟೆ ಮತ್ತು ಹಕ್ಕಿಯ ಹೊಟ್ಟೆ ಎದುರಾಬದುರು ನಿಂತಿಲ್ಲ, ಇಬ್ಬರೂ ಒಂದೇ ಕಡೆ ಇದ್ದಾರೆ ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ನಾನು ವನ್ಯಜೀವಿ ಫೋಟೋಗ್ರಾಫರ್. ಎಷ್ಟು ಹತ್ತಿರ ಹೋಗಬಹುದು? ಡ್ರೋನ್ ತರಬಹುದಾ?
(ಬೆಂಗಳೂರಿನ ಯುವಕ)

ಡ್ರೋನ್ ಬೇಡವೇ ಬೇಡ. ದಕ್ಷಿಣ ಆಫ್ರಿಕಾದ ನ್ಯಾಷನಲ್ ಪಾರ್ಕುಗಳಲ್ಲಿ ಅದಕ್ಕೆ ನಿಷೇಧ ಇದೆ.

ಹತ್ತಿರ ಹೋಗುವ ಮಾತು. ನೀವು ಹಲಗೆಯ ದಾರಿಯ ಮೇಲೆಯೇ ಇರಿ, ಎಷ್ಟೋ ಸಲ ಹಕ್ಕಿಯೇ ದಾರಿಯ ಕೆಳಗೆ ನಿಮ್ಮ ಕಾಲ ಬುಡದಲ್ಲಿ ಇರುತ್ತದೆ. ಬೋಲ್ಡರ್ಸ್ ಬೀಚ್‌ನಲ್ಲಿ ಅದು ನಿಮ್ಮ ಪಕ್ಕದಿಂದಲೇ ನಡೆದುಹೋಗಬಹುದು. ಆಗ ನಿಂತುಬಿಡಿ. ಅದು ಕಡಲಿಗೂ ಗೂಡಿಗೂ ಓಡಾಡುವ ದಾರಿಗೆ ಅಡ್ಡ ನಿಲ್ಲಬೇಡಿ. ಮರಿಗೆ ಊಟ ಹೊತ್ತು ತಂದ ತಾಯಿಯ ಮುಂದೆ ಹತ್ತು ಜನ ಸೆಲ್ಫಿಗೆ ಸಾಲು ನಿಂತರೆ ಅದು ಮತ್ತೆ ನೀರಿಗೆ ಇಳಿಯುತ್ತದೆ. ನೋಡಿ ನನಗೆ ಹೊಟ್ಟೆ ಉರಿದಿದೆ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ನಿಮ್ಮನ್ನು ನೋಡಿದರೆ, ನೀವು ಹತ್ತಿರ ಬಂದದ್ದು ಸಾಕು ಎಂದು ಅರ್ಥ. ಕೊಕ್ಕು ಬಹಳ ಚೂಪು, ಕಚ್ಚಿದರೆ ರಕ್ತ ಬರುತ್ತದೆ. ಫ್ಲ್ಯಾಶ್ ಬಳಸಬೇಡಿ. ಉದ್ದ ಲೆನ್ಸ್ ತನ್ನಿ, ಹೊಟ್ಟೆಯ ಮೇಲೆ ಮಲಗುವ ತಾಳ್ಮೆ ತನ್ನಿ.

ಕಾರಿನಲ್ಲಿ ಬಂದಿದ್ದರೆ ಹೊರಡುವ ಮುಂಚೆ ಬಗ್ಗಿ ಗಾಡಿಯ ಕೆಳಗೆ ನೋಡಿ. ಪಾರ್ಕಿಂಗ್‌ನಲ್ಲಿ ಹಾಗೆಂದು ಫಲಕವೇ ಹಾಕಿದ್ದಾರೆ. ನೆರಳು ಹುಡುಕಿಕೊಂಡು ಅವು ಅಲ್ಲಿಗೂ ಬರುತ್ತವೆ.

ಪ್ರಶ್ನೆ: ನನ್ನ ತಮ್ಮ ಡಿಸೆಂಬರ್‌ನಲ್ಲಿ ಅಲ್ಲಿಂದ ಕಳಿಸಿದ ವಿಡಿಯೋದಲ್ಲಿ ಪೆಂಗ್ವಿನ್‌ಗಳ ಗರಿ ಕಿತ್ತುಬಂದು, ಸಪ್ಪೆ ಮುಖ ಹಾಕಿ ನಿಂತಿದ್ದವು. ಏನಾದರೂ ಕಾಯಿಲೆಯೇ?
(ಮೈಸೂರಿನ ಓದುಗರು)

ಕಾಯಿಲೆ ಅಲ್ಲಮ್ಮಾ. ವರ್ಷಕ್ಕೊಮ್ಮೆ ಎಲ್ಲ ಗರಿ ಒಟ್ಟಿಗೇ ಉದುರಿ ಹೊಸದು ಬರುವ ಕಾಲ ಅದು, ಇಲ್ಲಿ ಹೆಚ್ಚಾಗಿ ನವೆಂಬರ್‌ನಿಂದ ಜನವರಿ. ಒಡೆದ ಹತ್ತಿ ದಿಂಬಿನ ಹಾಗೆ ಕಾಣುತ್ತವೆ. ಸುಮಾರು ಮೂರು ವಾರ ಗರಿಗಳು ನೀರನ್ನು ತಡೆಯುವುದಿಲ್ಲ, ಹಾಗಾಗಿ ಕಡಲಿಗೆ ಇಳಿಯುವಂತಿಲ್ಲ. ಕಡಲಿಗೆ ಇಳಿಯದಿದ್ದರೆ ಊಟ ಇಲ್ಲ. ಮೊದಲೇ ಚೆನ್ನಾಗಿ ತಿಂದು ಕೊಬ್ಬು ಕೂಡಿಸಿಕೊಂಡಿದ್ದರೆ ಬದುಕುತ್ತವೆ. ಮೀನು ಕಡಿಮೆಯಾದ ವರ್ಷ ಈ ಉಪವಾಸ ತಡೆಯಲಾಗದೆ ಸಾಯುವುದೂ ಇದೆ. ಅಂಥ ಹೊತ್ತಿನಲ್ಲಿ ಯಾರಾದರೂ ಓಡಿಸಿದರೆ, ಬೆದರಿಸಿದರೆ ಇರುವ ಚೂರು ಶಕ್ತಿಯೂ ಖರ್ಚಾಗುತ್ತದೆ. ತಮ್ಮನಿಗೆ ಇದನ್ನು ಹೇಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಅಲ್ಲಿ ಊಟಕ್ಕೇನು? ಪೆಂಗ್ವಿನ್ ಬಿಟ್ಟರೆ ಆ ಊರಲ್ಲಿ ನೋಡುವಂಥದ್ದು ಏನಿದೆ?
(ತುಮಕೂರಿನ ನಿವೃತ್ತ ದಂಪತಿ)

ಕಡಲೂರಾದ್ದರಿಂದ ಎಲ್ಲ ಕಡೆ ಮೀನೇ ಹೆಚ್ಚು. ಆದರೂ ತರಕಾರಿ ಸ್ಯಾಂಡ್‌ವಿಚ್, ಪಿಜ್ಜಾ, ಆಲೂಗಡ್ಡೆ ಚಿಪ್ಸ್ ಸಿಗುತ್ತವೆ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಬಂದರೆ ಇನ್ನೂ ಒಳ್ಳೆಯದು. ಆದರೆ ಬಯಲಲ್ಲಿ ಕೂತು ಡಬ್ಬಿ ಬಿಚ್ಚಬೇಡಿ. ಇಲ್ಲಿ ಬಬೂನ್ ಎಂಬ ದೊಡ್ಡ ಕೋತಿಗಳ ಹಿಂಡು ಇದೆ, ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಕಾರಿನ ಬಾಗಿಲನ್ನೂ ಲಾಕ್ ಮಾಡಿ.

ಊರು ನೌಕಾದಳದ್ದು. ಬ್ರಿಟಿಷರ ಕೈಯಲ್ಲಿದ್ದ ನೌಕಾನೆಲೆ 1957ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂತು. ಜ್ಯೂಬಿಲಿ ಚೌಕದಲ್ಲಿ ಒಂದು ನಾಯಿಯ ಪ್ರತಿಮೆ ಇದೆ. ಜಸ್ಟ್ ನ್ಯೂಸೆನ್ಸ್ ಎಂಬ ಗ್ರೇಟ್ ಡೇನ್ ಅದು, 1939ರಲ್ಲಿ ಅದನ್ನು ಅಧಿಕೃತವಾಗಿಯೇ ಬ್ರಿಟಿಷ್ ನೌಕಾದಳಕ್ಕೆ ಸೇರಿಸಿಕೊಂಡಿದ್ದರು. ಎಲ್ಲರೂ ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ.

ಆದರೆ ನಾನು ನಿಮ್ಮನ್ನು ಕೈಹಿಡಿದು ಕರೆದೊಯ್ಯುತ್ತಿದ್ದ ಜಾಗ ಬೇರೆ. ಆಮ್ಲೆ ಹೌಸ್ ಎಂಬ ಹಳೆಯ ಮನೆಯಲ್ಲಿ ಹೆರಿಟೇಜ್ ಮ್ಯೂಸಿಯಂ ಇದೆ. 1967ರಲ್ಲಿ ವರ್ಣಭೇದದ ಸರ್ಕಾರ ಸೈಮನ್ಸ್ ಟೌನನ್ನು ಬಿಳಿಯರಿಗೆ ಮಾತ್ರ ಎಂದು ಘೋಷಿಸಿ, ತಲೆಮಾರುಗಳಿಂದ ಇಲ್ಲಿದ್ದ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿತು. ಮುಸ್ಲಿಂ ಕುಟುಂಬಗಳು, ಮೀನುಗಾರರು, ಕೂಲಿಕಾರರು ಕಡಲನ್ನೂ ಮನೆಯನ್ನೂ ಬಿಟ್ಟು ಹೋಗಬೇಕಾಯಿತು. ಅವರ ಮದುವೆ ಫೋಟೋ, ಬಟ್ಟೆ, ಮನೆಯ ವಸ್ತುಗಳನ್ನು ಉಳಿದವರು ಕೂಡಿಸಿ ಇಟ್ಟಿದ್ದಾರೆ. ಪೆಂಗ್ವಿನ್‌ಗೆ ಜಾಗ ಕೊಟ್ಟ ಊರು ಎಂದು ಹೊಗಳುವಾಗ, ಇದೇ ಊರು ಯಾರಿಗೆ ಜಾಗ ಕೊಡಲಿಲ್ಲ ಎನ್ನುವುದನ್ನೂ ತಿಳಿದುಕೊಂಡು ಹೋಗಬೇಕು ಅಂತ ನನಗೆ ಅನಿಸುತ್ತದೆ. ತೆರೆಯುವ ಹೊತ್ತು ಮೊದಲೇ ವಿಚಾರಿಸಿ.

ಪ್ರಶ್ನೆ: ದಾರಿಯಲ್ಲಿ ಗಾಯಗೊಂಡ ಪೆಂಗ್ವಿನ್ ಅಥವಾ ಒಂಟಿ ಮರಿ ಕಂಡರೆ ನಾವೇನು ಮಾಡಬೇಕು? ಎತ್ತಿ ನೀರಿಗೆ ಬಿಡಬಹುದೇ?
(ಶಿರಸಿಯ ಓದುಗರು)

ಖಂಡಿತ ಬಿಡಬೇಡಿ. ತುಪ್ಪಳ ಇನ್ನೂ ಉದುರದ ಮರಿಗೆ, ಗರಿ ಉದುರುತ್ತಿರುವ ದೊಡ್ಡ ಹಕ್ಕಿಗೆ ನೀರೇ ಸಾವು. ದಡದಲ್ಲಿ ಸುಮ್ನೆ ನಿಂತ ಹಕ್ಕಿ ದಾರಿ ತಪ್ಪಿದೆ ಎಂದು ತಿಳಿಯಬೇಡಿ. ಒಂಟಿ ಮರಿಯ ತಂದೆ ತಾಯಿ ಎರಡೂ ಮೀನಿಗೆ ಹೋಗಿರಬಹುದು. ದೂರ ನಿಂತು, ನಾಯಿ ಇದ್ದರೆ ಓಡಿಸಿ, ಪಾರ್ಕಿನ ಗೇಟಿನಲ್ಲಿ ಸಿಬ್ಬಂದಿಗೆ ಹೇಳಿ. ಅವರೇ ಬಂದು ನೋಡುತ್ತಾರೆ, ಬೇಕಿದ್ದರೆ ಸ್ಯಾನ್‌ಕಾಬ್‌ಗೆ ಕಳಿಸುತ್ತಾರೆ.

ಬೇಗ ಹೇಳುವುದು ಯಾಕೆ ಮುಖ್ಯ ಅಂದರೆ, ಇಲ್ಲಿ ಅನಾಹುತ ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತಾಗುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಜೇನುನೊಣಗಳ ಹಿಂಡು ಕಚ್ಚಿ 63 ಪೆಂಗ್ವಿನ್‌ಗಳು ಸತ್ತವು, ಬಹುತೇಕ ಕಣ್ಣಿನ ಸುತ್ತ, ಗರಿ ಇಲ್ಲದ ಆ ಗುಲಾಬಿ ಚರ್ಮಕ್ಕೇ ಕಚ್ಚಿದ್ದವು. ಮರುವರ್ಷ ತಪ್ಪಿಸಿಕೊಂಡು ಬಂದ ಎರಡು ಸಾಕುನಾಯಿಗಳು ಹಲವು ಹಕ್ಕಿಗಳನ್ನು ಕೊಂದವು. ಅದೇ ವರ್ಷ ಹಕ್ಕಿಜ್ವರವೂ ಬಂತು. ಸತ್ತ ಹಕ್ಕಿ ಕಂಡರಂತೂ ಮುಟ್ಟಲೇಬೇಡಿ, ಜಾಗ ಗುರುತಿಟ್ಟುಕೊಂಡು ಸಿಬ್ಬಂದಿಗೆ ತಿಳಿಸಿ. ಒಂದು ಫೋಟೋ ತೆಗೆದು ತೋರಿಸಿದರೆ ಅವರಿಗೆ ಹುಡುಕಲು ಸುಲಭ.